ಮನೆ ಕೆಡವಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಹೋದರು. ಮನೆ ಕೆಡವಿ ನೋಡು ಎನ್ನಲಿಲ್ಲ. ಈಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಊರಿನ ಹಳೇಪೇಟೆಗೆ ಹೋದರೂ ಒಂದು ಮನೆ ಬೀಳುತ್ತಿರುತ್ತದೆ. ಎಷ್ಟೋ ಸಲ ಗೋಡೆಯ ಜೊತೆಗೆ ಬಾಂಧವ್ಯವೂ ಬೀಳುತ್ತದೆ. ಮೊದಲು ಕೆಡವಿಸಿದವರಿಗೂ ಕೆಡವಿದವರಿಗೂ ಜಗಳ, ಅದರ ಬೆನ್ನಿಗೇ ಅಣ್ಣತಂಗಿಯರ ಜಗಳ. ಈ ಜಗಳಕ್ಕೂ ಒಂದು ಚರಿತ್ರೆ ಇದೆ.

ಮಲ್ಲಿಪಟ್ಟಣದ ಕಡೆಯ ಹಳೆಯ ಮನೆಯೊಂದನ್ನು ನೆನೆಸಿಕೊಳ್ಳಿ. ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಹಲಸು ಹೊನ್ನೆಯ ಕಂಬ, ತೊಲೆ, ಜಂತೆ, ಮೇಲೆ ನಾಡಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಮಂಗಳೂರು ಹೆಂಚು ಘಟ್ಟ ಹತ್ತಿ ಬಂತು. ಇಂಥ ಮನೆಯಲ್ಲಿ ಬಿಸಾಡುವಂಥದ್ದು ಬಹಳ ಕಡಿಮೆ. ಹೆಂಚು ಕೊಟ್ಟಿಗೆಗೆ, ತೊಲೆ ಇನ್ನೊಂದು ಮನೆಗೆ, ಗೋಡೆಯ ಮಣ್ಣು ಹೊಲಕ್ಕೆ ಅಥವಾ ಮತ್ತೆ ಗೋಡೆಗೆ.

ಆದ್ದರಿಂದಲೇ ಕೆಡವುವ ಕರಾರು ಕಟ್ಟುವ ಕರಾರಿನಂತಲ್ಲ. ಕಟ್ಟುವಾಗ ಹಣ ಮನೆಯವರಿಂದ ಮೇಸ್ತ್ರಿಗೆ ಹೋಗುತ್ತದೆ, ಅಷ್ಟೆ. ಕೆಡವುವಾಗ ಹಾಗಲ್ಲ. ಮರಮುಟ್ಟು ಚೆನ್ನಾಗಿದ್ದರೆ ಗುತ್ತಿಗೆದಾರನೇ ಹಣ ಕೊಟ್ಟು ಮನೆ ಕೊಳ್ಳುತ್ತಾನೆ. ತಾರಸಿಯ ಮನೆಯಾದರೆ ನಾವೇ ಅವನಿಗೆ ಕೂಲಿ ಕೊಡಬೇಕು. ನಡುವಿನಂಥ ಮನೆಯಾದರೆ ಮಾತು ಹೀಗೆ ಮುಗಿಯುತ್ತದೆ: "ಸಾಮಾನು ನೀವು ತಗೊಳ್ಳಿ, ಸೈಟು ಸಾಫು ಮಾಡಿಕೊಡಿ."

ಈ "ಸಾಮಾನು" ಎಂಬ ಒಂದು ಮಾತಿನಲ್ಲಿ ಅರ್ಧ ಜಗಳ ಅಡಗಿದೆ. ಗುತ್ತಿಗೆದಾರನ ಲೆಕ್ಕದಲ್ಲಿ ಕಣ್ಣಿಗೆ ಕಂಡದ್ದೆಲ್ಲ ಸಾಮಾನು. ಮನೆಯವರ ಲೆಕ್ಕದಲ್ಲಿ ದೇವರಕೋಣೆಯ ಬಾಗಿಲು ಸಾಮಾನಲ್ಲ, ಅಜ್ಜಿಯ ಒರಳುಕಲ್ಲು ಸಾಮಾನಲ್ಲ. ಇನ್ನರ್ಧ ಜಗಳ "ಸಾಫು" ಎಂಬುದರಲ್ಲಿದೆ. ನೆಲಮಟ್ಟಕ್ಕೋ, ಪಾಯದ ಕಲ್ಲು ಕೀಳುವವರೆಗೋ? ಮಣ್ಣು ಹೊರಗೆ ಸಾಗಿಸುವವರು ಯಾರು? ಮಾತು ಮನೆ ಕೆಡಿಸಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹಿಂದೆ ಕೈಯಿಂದ ಬಿಚ್ಚುತ್ತಿದ್ದಾಗ ಇದು ಅಷ್ಟು ಕಾಡುತ್ತಿರಲಿಲ್ಲ. ಮೊದಲು ಹೆಂಚು, ಆಮೇಲೆ ರೀಪರು, ಜಂತೆ, ಕೊನೆಗೆ ಗೋಡೆ. ಕೆಲಸ ವಾರಗಟ್ಟಲೆ ನಡೆಯುತ್ತಿತ್ತು. ಮನೆಯ ಹೆಂಗಸು ಜಗಲಿಯಲ್ಲಿ ನಿಂತು "ಆ ಬಾಗಿಲು ಇತ್ತ ಇಡಪ್ಪಾ" ಎನ್ನಲು ಸಮಯವಿತ್ತು. ಜೆಸಿಬಿ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಡದಲ್ಲಿ ತಯಾರಿಕೆ ಆರಂಭಿಸಿತು. ಆ ಹಳದಿ ಯಂತ್ರ ನಮ್ಮ ಬೀದಿಗಳಿಗೆ ಬಂದದ್ದು ತಡವಾಗಿ. ಬಂದ ಮೇಲೆ ತಿಂಗಳ ಕೆಲಸ ಒಂದು ದಿನಕ್ಕಿಳಿಯಿತು. ತೊಲೆ ಮುರಿಯಿತು, ಹೆಂಚು ಪುಡಿಯಾಯಿತು, ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಿತು. ಆದರೆ ಮಾತುಕತೆ ಮಾತ್ರ ಹಳೆಯ ಕಾಲದ್ದೇ ಉಳಿಯಿತು.

1872ರ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಜಗಳ ಬಂದಾಗ ಬಾಯಿಮಾತಿಗೆ ಸಾಕ್ಷಿ ಎಲ್ಲಿ? ಒಂದು ಹಾಳೆ ಸಾಕು. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ವಸ್ತು ಮನೆಯವರಿಗೆ, ಯಂತ್ರವೋ ಕೈಯೋ, ಎಷ್ಟು ಆಳ, ಎಷ್ಟು ದಿನ, ಮಣ್ಣು ಎಲ್ಲಿಗೆ, ಪಕ್ಕದ ಗೋಡೆಗೆ ಧಕ್ಕೆಯಾದರೆ ಯಾರು ಹೊಣೆ, ಆಳಿಗೆ ಪೆಟ್ಟಾದರೆ ಯಾರು ನೋಡಿಕೊಳ್ಳಬೇಕು, ಇಷ್ಟನ್ನು ಬರೆಯಬೇಕು. ವಿದ್ಯುತ್ತು, ನೀರು ಮೊದಲೇ ಕಡಿಸಿರಬೇಕು. ಗೋಡೆಯಲ್ಲೋ ನೆಲದಲ್ಲೋ ನಿಧಿ ಸಿಕ್ಕರೆ ಅದನ್ನು ಮನೆಯವರಾಗಲಿ ಗುತ್ತಿಗೆದಾರನಾಗಲಿ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಸರ್ಕಾರಕ್ಕೆ ತಿಳಿಸಬೇಕೆಂದು 1878ರಲ್ಲೇ ಬ್ರಿಟಿಷರು ಕಾಯಿದೆ ಮಾಡಿದ್ದರು.

ಹಾಳೆಯ ಕೊನೆಯಲ್ಲಿ ಸಹಿ ಯಾರದ್ದು? ನಾವು ಹೆಂಗಸರು ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಸೀಮೆಗೆ ಮನೆ ಕಳೆದುಕೊಳ್ಳುವ ಸಂಕಟ ಹೊಸದಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಮುಗಿದು, ಊರುಗಳೇ ನೀರಿಗೆ ಹೋದವು. ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಇಂದಿಗೂ ನೀರಿಳಿದಾಗ ಮೇಲೆದ್ದು ನಿಲ್ಲುತ್ತವೆ. ಅಲ್ಲಿ ತೀರ್ಮಾನ ಸರ್ಕಾರದ್ದು. ಊರೊಳಗಿನ ಹಳೆಯ ಮನೆಯ ತೀರ್ಮಾನ ಮನೆಯವರದ್ದು. ಆದರೆ ಮನೆಯವರೆಂದರೆ ಯಾರು?

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೇ ಕಲಮಿನಂತೆ, ಕುಟುಂಬ ವಾಸವಾಗಿರುವ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. 1994ರಲ್ಲಿ ಕರ್ನಾಟಕ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲು ಮದುವೆಯಾದವರಿಗೆ ಮಾತ್ರ ಇಲ್ಲ ಎಂದಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯ ತಡೆಯನ್ನೂ ಆ 23ನೇ ಕಲಮನ್ನೂ ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನನಗೆ ಪರಿಚಯದ ಹೆಂಗಸೊಬ್ಬರು ಹಬ್ಬಕ್ಕೆಂದು ತವರಿಗೆ ಹೋದಾಗ ಅಲ್ಲಿ ಬರೀ ಬಯಲಿತ್ತು. ಅಣ್ಣ ಒಬ್ಬನೇ ಮಾತಾಡಿ ಮುಗಿಸಿದ್ದ. ಆಕೆ ಕೇಳಿದ್ದು ಹಣವನ್ನಲ್ಲ, ಅಮ್ಮ ದಿನವೂ ಅರಿಶಿನ ಕುಂಕುಮ ಹಚ್ಚುತ್ತಿದ್ದ ಹೊಸ್ತಿಲನ್ನು. ಅದು ಯಾವುದೋ ಊರಿನ ಹೋಟೆಲಿಗೆ ಮಾರಾಟವಾಗಿತ್ತು. ಗುತ್ತಿಗೆದಾರನದ್ದೂ ತಪ್ಪೆನ್ನಲಾಗದು. ಸಾಮಾನೆಲ್ಲ ಅವನದ್ದೆಂದು ಮಾತಾಗಿತ್ತು. ಅಣ್ಣತಂಗಿಗೆ ಇಂದಿಗೂ ಮಾತಿಲ್ಲ.

ಬಲ್ಲ ಗುತ್ತಿಗೆದಾರ ಇದಕ್ಕೇ ಮೊದಲು ಖಾತೆ ನೋಡುತ್ತಾನೆ, ಅಕ್ಕತಂಗಿಯರ ಒಪ್ಪಿಗೆ ಕೇಳುತ್ತಾನೆ. ತಡೆಯಾಜ್ಞೆ ಬಂದು ಯಂತ್ರ ನಿಂತರೆ ಬಾಡಿಗೆಯ ನಷ್ಟ ಅವನದ್ದೇ. ಹಾಗೆ ಕೇಳುವವನನ್ನು ತಲೆಹರಟೆ ಎಂದು ದೂರ ಮಾಡಬಾರದು, ಅವನಿಗೇ ಕೆಲಸ ಕೊಡಬೇಕು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು. ಯಾವ ತುಂಡು ಎಲ್ಲಿಯದೆಂಬ ಗುರುತಿಲ್ಲದೆ ಅದು ಆಗುವ ಕೆಲಸವಲ್ಲ. ನಮ್ಮ ಮನೆಯನ್ನು ಹಾಗೆ ಉಳಿಸಿಕೊಳ್ಳುವ ಶಕ್ತಿ ನಮಗಿಲ್ಲದಿರಬಹುದು, ಒಂದು ಸೀಮೆಸುಣ್ಣಕ್ಕೆ ಬಡತನವಿಲ್ಲ. ಕೆಡವುವ ಮುಂಚಿನ ಭಾನುವಾರ ಅಕ್ಕತಂಗಿಯರನ್ನೆಲ್ಲ ಕರೆಸಿ, ಊಟ ಹಾಕಿ, ಯಾರಿಗೆ ಏನು ಬೇಕೋ ಅದರ ಮೇಲೆ ಗುರುತು ಹಾಕಿಸಿ. ಗುರುತು ಹಾಕಿದ್ದನ್ನು ಕರಾರಿನ ಹಾಳೆಗೆ ಇಳಿಸಿ, ಎಲ್ಲರ ಸಹಿ ಪಡೆಯಿರಿ. ಗುತ್ತಿಗೆದಾರ ಸೋಮವಾರ ಬರಲಿ.