ಜೂಲು ಕನ್ಯೆಯರ ಮಣಿಸರ

ಪ್ರೀತಿಯು ಮನುಷ್ಯರಿಗೆಲ್ಲ ಸಾಮಾನ್ಯವಾದುದು. ಆದರೆ ಅದನ್ನು ಅರಿಯುವ ಬಗೆಯು ಅವರವರು ಬೆಳೆದ ಮನೆಯಿಂದಲೂ ಒಡನಾಡಿಗಳಿಂದಲೂ ಬರತಕ್ಕದ್ದು. ಆಫ್ರಿಕ ಖಂಡವು ಅತಿ ವಿಶಾಲವಾದುದರಿಂದಲೂ ಅಲ್ಲಿಯ ಜನಾಂಗಗಳು ಅನೇಕವಾದುದರಿಂದಲೂ ಆ ಖಂಡದ ಹೆಣ್ಣುಮಕ್ಕಳೆಲ್ಲರಿಗೂ ಒಂದೇ ಮಾತು ಸಲ್ಲದು. ಆದುದರಿಂದ ಅದರ ಆಗ್ನೇಯ ತೀರದಲ್ಲಿರುವ ಜೂಲು ಜನರ ಚರಿತ್ರೆಯನ್ನು ಮಾತ್ರ ಇಲ್ಲಿ ನೋಡಬಹುದು. ಹುಡುಗಿಯರು ಪಡೆದ ಶಿಕ್ಷಣವೂ ಅರಸನ ಆಜ್ಞೆಯೂ ಒಂದಕ್ಕೊಂದು ಎದುರಾದ ಪ್ರಸಂಗವೊಂದು ಅದರಲ್ಲಿ ಉಂಟು.

ಜೂಲು ಬಾಲೆಯು ಪ್ರೇಮದ ಮೊದಲ ಪಾಠವನ್ನು ಕಲಿಯುತ್ತಿದ್ದುದು ತಂದೆತಾಯಿಗಳಿಂದ ಅಲ್ಲ, ಓರಗೆಯ ಗೆಳತಿಯರಿಂದ. ಪ್ರಾಯಕ್ಕೆ ಬಂದ ಹುಡುಗಿಯರ ಮೇಲ್ವಿಚಾರಣೆಯು ಅಮಾಖಿಕಿಜ ಎಂಬ ಹಿರಿಯ ಕನ್ಯೆಯರಿಗೆ ಸೇರಿದ್ದಿತು. ತರುಣನು ನೀರಿಗೆ ಹೋಗುವ ದಾರಿಯಲ್ಲಿ ಕಾದು ನಿಂತು ಎಷ್ಟು ಬಗೆಯಾಗಿ ಬೇಡಿಕೊಂಡರೂ ಹುಡುಗಿಯು ಬೇಗನೆ ಒಪ್ಪಬಾರದು. ಒಪ್ಪುವ ಮುನ್ನ ಹಿರಿಯ ಗೆಳತಿಯರ ಅನುಮತಿಯನ್ನು ಪಡೆಯಬೇಕು. ಒಪ್ಪಿದ ಮೇಲೆ ತನ್ನ ಕೈಯಾರೆ ಪೋಣಿಸಿದ ಗಾಜಿನ ಮಣಿಗಳ ಸರವನ್ನು ಅವನಿಗೆ ಕಳುಹಿಸುವಳು. ಬಣ್ಣಗಳ ಅರ್ಥವು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದರೂ ಬಿಳಿಯ ಮಣಿಯು ನಿರ್ಮಲವಾದ ಪ್ರೀತಿಯ ಗುರುತೆಂಬುದು ಬಹುಮಟ್ಟಿಗೆ ರೂಢಿಯಾಗಿದ್ದಿತು. ಆ ಸರವನ್ನು ತರುಣನು ಎಲ್ಲರೂ ಕಾಣುವಂತೆ ಧರಿಸುತ್ತಿದ್ದನು. ಹುಡುಗಿಯು ಮದುವೆಗೆ ಮುನ್ನ ಎಲ್ಲೆ ಮೀರಿದರೆ ಆ ಅಪಕೀರ್ತಿಯು ಅವಳೊಬ್ಬಳದಾಗಿರದೆ ಗೆಳತಿಯರೆಲ್ಲರಿಗೂ ತಟ್ಟುತ್ತಿದ್ದಿತು. ಹೀಗೆ ಪ್ರೀತಿಯೆಂಬುದು ಮರೆಯಲ್ಲಿ ನಡೆಯುವ ಕಾರ್ಯವಲ್ಲ, ಹತ್ತು ಮಂದಿಯ ಮುಂದೆ ಕೊಟ್ಟ ಮಾತು ಎಂಬ ಭಾವನೆಯು ಎಳೆತನದಲ್ಲಿಯೇ ಅವಳ ಮನಸ್ಸಿನಲ್ಲಿ ಬೇರೂರುತ್ತಿದ್ದಿತು.

ಆದರೆ ಈ ಆಯ್ಕೆಗೆ ಮಿತಿಗಳಿದ್ದುವು. ಮದುವೆಗೆ ತಂದೆಯ ಒಪ್ಪಿಗೆ ಬೇಕು. ವರನ ಮನೆಯಿಂದ ಲೊಬೊಲ ಎಂಬ ಹಸುಗಳ ಕಾಣಿಕೆ ಬರಬೇಕು. ಎಲ್ಲಕ್ಕೂ ಮೇಲೆ ಅರಸನ ಅಪ್ಪಣೆಯಾಗಬೇಕು. ಗಂಡಸರನ್ನು ವಯಸ್ಸಿಗನುಸಾರವಾಗಿ ದಂಡುಗಳಾಗಿ ವಿಂಗಡಿಸಿದ್ದಂತೆ ಹೆಂಗಸರಿಗೂ ವಯಸ್ಸಿನ ಪಂಗಡಗಳಿದ್ದುವು. ಅರಸನು ಅಪ್ಪಣೆ ಕೊಟ್ಟು, ತಲೆಯ ಮೇಲೆ ವಿವಾಹಾರ್ಹತೆಯ ಬಳೆಯನ್ನು ಕಟ್ಟಿಕೊಳ್ಳುವವರೆಗೆ ದಂಡಿನವನು ಮದುವೆಯಾಗುವಂತಿರಲಿಲ್ಲ. ಅಷ್ಟರಲ್ಲಿ ಅವನಿಗೆ ಮೂವತ್ತೈದು, ನಲವತ್ತು ವರ್ಷಗಳಾಗುತ್ತಿದ್ದುದೂ ಉಂಟು.

1873ರಲ್ಲಿ ಪಟ್ಟವೇರಿದ ಸೆಟ್ಷ್ವಾಯೊ ಅರಸನು 1876ರಲ್ಲಿ, ಇಂಗ್ಚುಗ್ಚೆ ಎಂಬ ಕನ್ಯೆಯರ ಪಂಗಡವು ಇಂಡ್ಲೊಂಡ್ಲೊ ಎಂಬ ಹಿರಿಯ ದಂಡಿನವರನ್ನು ವರಿಸತಕ್ಕದ್ದೆಂದು ಆಜ್ಞಾಪಿಸಿದನು. ಆ ಕನ್ಯೆಯರಲ್ಲಿ ಅನೇಕರು ಆ ವೇಳೆಗಾಗಲೇ ಕಿರಿಯ ದಂಡುಗಳ ತರುಣರಿಗೆ ಮಾತು ಕೊಟ್ಟಿದ್ದರು. ಅವರು ಒಡಂಬಡಲಿಲ್ಲ. ಆ ಸರವು ತಮ್ಮ ಕೊರಳಿಗೆ ಅಳವಡುವುದಿಲ್ಲವೆಂದು ಅವರು ಉತ್ತರ ಕೊಟ್ಟರೆಂಬುದು ಜೂಲು ಜನರ ಐತಿಹ್ಯ. ಕೆಲವರು ಗಡಿ ದಾಟಿ ಬ್ರಿಟಿಷರ ನಟಾಲಿಗೆ ಓಡಿದರು. ಕೆಲವರು ಅರಸನ ಆಳುಗಳ ಕೈಯಲ್ಲಿ ಹತರಾದರು. ಅರಸನಿಗೆ ಇದು ದಂಡಿನ ಶಿಸ್ತಿನ ಪ್ರಶ್ನೆ. ಕನ್ಯೆಯರಿಗಾದರೋ ಇದು ಕೊಟ್ಟ ಮಾತಿನ ಪ್ರಶ್ನೆ. ಮಾತಿಗೆ ತಪ್ಪಬಾರದೆಂದು ಅವರಿಗೆ ಕಲಿಸಿದುದು ಅದೇ ಸಮಾಜವೆಂಬುದನ್ನು ಮರೆಯಲಾಗದು.

ನಟಾಲಿನ ಲೆಫ್ಟಿನೆಂಟ್ ಗವರ್ನರನಾಗಿದ್ದ ಹೆನ್ರಿ ಬುಲ್ವರನು ಈ ಕೊಲೆಗಳನ್ನು ಆಕ್ಷೇಪಿಸಿದನು. ತನ್ನ ರಾಜ್ಯದ ಕಟ್ಟಳೆ ತನ್ನದೆಂದು ಅರಸನು ಖಡಾಖಂಡಿತವಾಗಿ ಉತ್ತರವಿತ್ತನು. 1878ರ ಡಿಸೆಂಬರ್ 11ರಂದು ಬ್ರಿಟಿಷರು ಕಳುಹಿಸಿದ ನಿರ್ಬಂಧಪತ್ರದಲ್ಲಿ, ಪ್ರಾಯಕ್ಕೆ ಬಂದವರಿಗೆ ವಿವಾಹಸ್ವಾತಂತ್ರ್ಯವಿರಬೇಕೆಂಬ ಷರತ್ತೂ ಸೇರಿದ್ದಿತು. ಮರುವರ್ಷ ಯುದ್ಧವಾಗಿ, ಜುಲೈ 4ರಂದು ಉಲುಂಡಿಯು ಸುಟ್ಟು ಬೂದಿಯಾಯಿತು.

ಕನ್ಯೆಯರ ಪಕ್ಷವನ್ನು ಹಿಡಿದಂತೆ ಮಾತನಾಡಿದ ಆ ಸರಕಾರವು ತನ್ನ ಆಳ್ವಿಕೆಯಲ್ಲಿದ್ದ ಹೆಂಗಸರಿಗೆ ಏನು ಮಾಡಿತು? ನಟಾಲಿನ 1869ರ ನಿಬಂಧನೆಯು ಸಾಮಾನ್ಯರ ಮದುವೆಗೆ ಲೊಬೊಲವನ್ನು 10 ಹಸುಗಳಿಗೆ ಮಿತಿಗೊಳಿಸಿ, ವಧುವು ತನ್ನ ಸಮ್ಮತಿಯನ್ನು ಸರಕಾರದ ಸಾಕ್ಷಿಯ ಮುಂದೆ ಬಹಿರಂಗವಾಗಿ ಹೇಳಬೇಕೆಂದು ವಿಧಿಸಿದ್ದಿತು. ಇದು ಶ್ಲಾಘ್ಯವೇ ಸರಿ. ಆದರೆ 1891ರ ದೇಶೀಯ ನ್ಯಾಯಸಂಹಿತೆಯು ಸಾಮಾನ್ಯವಾಗಿ ಅವಳನ್ನು ತಂದೆಯ, ಗಂಡನ ಅಥವಾ ಪೋಷಕನ ಅಧೀನದಲ್ಲಿರುವ ನಿತ್ಯ ಅಪ್ರಾಪ್ತಳೆಂದು ಎಣಿಸಿತು. ಮದುವೆಯ ದಿನ ಅವಳ ಮಾತನ್ನು ಕೇಳಿದ ಕಾನೂನು ಮರುದಿನದಿಂದ ಅವಳ ಮಾತಿಗೆ ಬೆಲೆ ಕೊಡಲಿಲ್ಲ. ದಕ್ಷಿಣ ಆಫ್ರಿಕದಲ್ಲಿ 1998ರಲ್ಲಿ ಅಂಗೀಕೃತವಾಗಿ 2000ದಲ್ಲಿ ಜಾರಿಗೆ ಬಂದ ಶಾಸನವು ಸಾಂಪ್ರದಾಯಿಕ ವಿವಾಹದಲ್ಲಿ ವಧೂವರರಿಬ್ಬರ ಸಮ್ಮತಿಯನ್ನೂ, ಹೆಂಡತಿಗೆ ಗಂಡನ ಸಮಾನವಾದ ಸ್ಥಾನವನ್ನೂ ವಿಧಿಸಿತು. ಲೊಬೊಲವು ಉಳಿದಿದೆ, ಮಣಿಸರಗಳ ಕಲೆಯೂ ಅಳಿದಿಲ್ಲ.

ಸಂಪ್ರದಾಯವೆಂದರೆ ಹೆಣ್ಣಿಗೆ ಬಂಧನ, ಹೊರಗಿನಿಂದ ಬಂದ ಕಾನೂನೆಂದರೆ ಬಿಡುಗಡೆ ಎಂಬ ಸುಲಭವಾದ ಎಣಿಕೆಯು ಈ ಚರಿತ್ರೆಯ ಮುಂದೆ ನಿಲ್ಲದು. 1876ರ ಕನ್ಯೆಯರಿಗೆ ಅರಸನನ್ನು ಎದುರಿಸುವ ಧೈರ್ಯವನ್ನು ಕೊಟ್ಟುದು ಯಾವ ಪರದೇಶದ ಬೋಧನೆಯೂ ಅಲ್ಲ. ನೀರಿನ ದಾರಿಯಲ್ಲಿ ಹಿರಿಯ ಗೆಳತಿಯರು ಹೇಳಿಕೊಟ್ಟ ಪಾಠವೇ.