ಫಿನ್ಲೆಂಡಿನಲ್ಲಿ ದೀನಪೋಷಣೆಯೂ ಲೋಕಶಿಕ್ಷಣವೂ

ಫಿನ್ಲೆಂಡು ದೇಶದ ಪಶ್ಚಿಮಭಾಗದಲ್ಲಿ ಹಳೆಯ ಕ್ರೈಸ್ತದೇವಾಲಯಗಳ ಬಾಗಿಲ ಬಳಿ ಮರದಲ್ಲಿ ಕೆತ್ತಿದ ಭಿಕ್ಷುಕನ ವಿಗ್ರಹವೊಂದು ನಿಂತಿರುವುದುಂಟು. ನಾಣ್ಯವನ್ನು ಹಾಕುವುದಕ್ಕೆ ಅದರ ಎದೆಯಲ್ಲಿ ಒಂದು ಸೀಳು, ಒಳಗೆ ಕಾಣಿಕೆಯ ಪೆಟ್ಟಿಗೆ. ಇಂಥವು ನೂರಕ್ಕೆ ಮೇಲ್ಪಟ್ಟು ಇಂದಿಗೂ ಉಳಿದಿವೆ. ಇವುಗಳಿಗೆ ಆ ದೇಶಭಾಷೆಯಲ್ಲಿ 'ವೈವೈಸುಕ್ಕೊ' ಎಂದು ಹೆಸರು. 'ವೈವ' ಎಂದರೆ ಕ್ಲೇಶ, 'ಉಕ್ಕೊ' ಎಂದರೆ ಮುದುಕ. ಈ ದೇಶದ ಇಂದಿನ ಸಮಾಜಸೇವಾವ್ಯವಸ್ಥೆಯು ಈ ಕಾಣಿಕೆಯ ಪೆಟ್ಟಿಗೆಯಿಂದಲೇ ನೇರವಾಗಿ ಬೆಳೆದುಬಂದಿತೆಂದು ಮೇಲುನೋಟಕ್ಕೆ ತೋರಬಹುದು. ಶಾಸನಗಳ ಹೆಸರುಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಆ ಅಭಿಪ್ರಾಯವು ನಿಲ್ಲುವುದಿಲ್ಲ.

ಫಿನ್ಲೆಂಡು 1809ರವರೆಗೆ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದು, ಅಲ್ಲಿಂದ 1917ರವರೆಗೆ ರಷ್ಯಾ ಚಕ್ರವರ್ತಿಗೆ ಅಧೀನವಾದ ಸಂಸ್ಥಾನವಾಗಿತ್ತು. ಸ್ವೀಡನ್ನಿನ ಕಾಲದಲ್ಲಿ ಓದನ್ನು ಕಲಿಸುವುದೂ ಬಡವರನ್ನು ಸಾಕುವುದೂ ದೇವಾಲಯವನ್ನು ಆಶ್ರಯಿಸಿದ ಊರೊಟ್ಟಿನ ಕೆಲಸಗಳೇ ಆಗಿದ್ದುವು. ಮಿಕಾಯೆಲ್ ಅಗ್ರಿಕೊಲನು 1543ರಲ್ಲಿ ಫಿನ್ನಿಷ್ ಭಾಷೆಯ ಮೊದಲನೆಯ ಅಕ್ಷರಮಾಲೆಯನ್ನು ಅಚ್ಚುಹಾಕಿಸಿದನು. 1686ರ ಧರ್ಮಶಾಸನವು ಬಂದ ತರುವಾಯ ಪಾದ್ರಿಗಳು ಊರೂರಿಗೆ ಹೋಗಿ ಮನೆಮಂದಿಯ ಓದನ್ನು ಪರೀಕ್ಷಿಸುವ ಪದ್ಧತಿಯು ಬಲಗೊಂಡಿತು. ಧರ್ಮಪಾಠವನ್ನು ಅರಿಯದವರಿಗೆ ವಿವಾಹವೂ ದೊರೆಯುತ್ತಿರಲಿಲ್ಲ. ಹೀಗೆ ಓದುವುದು ಬಹುಜನರಿಗೆ ಬಂದಿತು. ಬರೆಯುವುದು ಮಾತ್ರ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಬರೆಯಬಲ್ಲವರು ಅಲ್ಪಸಂಖ್ಯಾಕರಾಗಿಯೇ ಇದ್ದರು.

ಆದರೆ ಓದುಬಲ್ಲ ಆ ಊರುಗಳಲ್ಲಿಯೇ ಮನುಷ್ಯರ ಹರಾಜು ನಡೆಯುತ್ತಿದ್ದಿತು. ದಿಕ್ಕಿಲ್ಲದ ಮಗುವನ್ನೋ ಮುದುಕನನ್ನೋ ಸಭೆಯ ಮುಂದೆ ನಿಲ್ಲಿಸಿ, ಇವರನ್ನು ಸಾಕುವುದಕ್ಕೆ ಯಾರಿಗೆ ಎಷ್ಟು ಹಣ ಬೇಕೆಂದು ಕೇಳುವರು. ಎಲ್ಲರಿಗಿಂತಲೂ ಕಡಮೆ ಕೇಳಿದವನಿಗೆ ಆ ಜೀವವು ಸಲ್ಲುವುದು. ಲೋಕದ ಹರಾಜಿನಲ್ಲಿ ಬೆಲೆ ಏರುವುದು, ಇಲ್ಲಿ ಇಳಿಯುವುದು. ಕಡಮೆಗೆ ಕೂಗಿದವನು ಆ ಕೊರತೆಯನ್ನು ಮಗುವಿನ ದುಡಿಮೆಯಿಂದಲೋ ಅದರ ಅನ್ನದಿಂದಲೋ ತುಂಬಿಕೊಳ್ಳುವನೆಂಬುದು ಊಹೆಗೆ ನಿಲುಕದ ವಿಷಯವಲ್ಲ. ಹೀಗೆ ವಿಕ್ರಯವಾದವನಿಗೆ 'ಹೂತೊಲೈನೆನ್' ಎಂದು ಹೆಸರು. 'ಹೂತೊ' ಎಂದರೆ ಕೂಗು. ಕನ್ನಡದಲ್ಲಿಯೂ ಹರಾಜನ್ನು 'ಕೂಗುವುದು' ಎಂದೇ ಹೇಳುವುದರಿಂದ ಈ ಪದದ ಭಾವವು ನಮ್ಮವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುವುದು. ಹರಾಜಿಗೆ ಸಿಕ್ಕದ ದೀನರು ಗುಂಪುಕಟ್ಟಿದ ಮನೆಗಳಲ್ಲಿ ಸರದಿಯ ಮೇಲೆ ಮನೆಯಿಂದ ಮನೆಗೆ ತಿರುಗುತ್ತಿದ್ದರು.

1865ರ ಶಾಸನವು ಗ್ರಾಮಾಂತರದಲ್ಲಿ ಲೌಕಿಕಾಡಳಿತವನ್ನು ದೇವಾಲಯದಿಂದ ಬೇರ್ಪಡಿಸಿ 'ಕುಂತ' ಎಂಬ ಸ್ಥಳಸಂಸ್ಥೆಗೆ ಒಪ್ಪಿಸಿತು. ದೀನಪೋಷಣೆಯೂ ಅದರ ಪಾಲಿಗೆ ಬಂದಿತು. ಮರುವರ್ಷವೇ, 1866ರಲ್ಲಿ, ಊನೊ ಸಿಗ್ನೇಯಸ್ ಎಂಬ ವಿದ್ವಾಂಸನ ಪ್ರಯತ್ನದಿಂದ ಲೋಕಶಾಲೆಗಳ ಶಾಸನವು ಹೊರಟಿತು. ಯುವಾಸ್ಕುಲಾ ಎಂಬ ಊರಿನಲ್ಲಿ 1863ರಲ್ಲಿಯೇ ಸ್ಥಾಪಿತವಾಗಿದ್ದ ಉಪಾಧ್ಯಾಯಶಾಲೆಯಲ್ಲಿ ಸ್ತ್ರೀಪುರುಷರಿಬ್ಬರಿಗೂ ಪ್ರವೇಶವಿದ್ದಿತು. ಕೈಗೆಲಸವನ್ನು ಪಾಠಕ್ರಮದ ಅಂಗವಾಗಿ ಮಾಡಿದುದು ಸಿಗ್ನೇಯಸನ ವಿಶೇಷ.

ಆ ಹೊತ್ತಿಗೆ ಮಹಾಕ್ಷಾಮವು ಬಂದೊದಗಿತು. ಜನರು ಪೈನ್ ಮರದ ತೊಗಟೆಯನ್ನು ಹಿಟ್ಟಿಗೆ ಬೆರಸಿ ರೊಟ್ಟಿ ಮಾಡಿ ತಿಂದರು. 1868 ಒಂದೇ ವರ್ಷದಲ್ಲಿ ಜನಸಂಖ್ಯೆಯ ನೂರರಲ್ಲಿ ಸುಮಾರು 8 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದುದು ಹಸಿವಿಗಿಂತ ಜ್ವರಾದಿ ಸಾಂಕ್ರಾಮಿಕರೋಗಗಳು. ಸರ್ಕಾರವು ಬಿಟ್ಟಿ ಅನ್ನಕ್ಕಿಂತ ಕೆಲಸ ಕೊಡುವುದನ್ನೇ ಶ್ರೇಷ್ಠವೆಂದು ಎಣಿಸಿತು. ರೀಹಿಮಾಕಿಯಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗುವ ರೈಲುಹಾದಿಯು ಹಾಗೆ ಹುಟ್ಟಿದುದು.

ಇಂಥ ದುರಂತದ ಅನಂತರ ಶಾಸನವು ಮೃದುವಾಗಬೇಕಾಗಿದ್ದಿತು. ಆದುದು ಅದರ ವಿಪರೀತ. 1852ರ ಶಾಸನಕ್ಕಿಂತ 1879ರ ಶಾಸನವು ಕಠಿನವಾಯಿತು: ಮಕ್ಕಳು, ವೃದ್ಧರು, ರೋಗಿಗಳು, ಅಂಗವಿಕಲರು, ಇವರಿಗೆ ಮಾತ್ರ ಕುಂತವು ಅವಶ್ಯವಾಗಿ ಪೋಷಣೆ ಕೊಡತಕ್ಕುದು; ಉಳಿದವರ ವಿಷಯವು ಅದರ ಇಚ್ಛೆಗೆ ಬಿಟ್ಟುದು. ನಮ್ಮ ಧರ್ಮಶಾಸ್ತ್ರಕಾರರು ದಾನಪ್ರಕರಣದಲ್ಲಿ ಪಾತ್ರಾಪಾತ್ರವಿಚಾರವನ್ನು ಮಾಡಿರುವರಷ್ಟೆ; ಅಲ್ಲಿ ಪಾತ್ರತೆಗೆ ವಿದ್ಯೆಯೂ ಶೀಲವೂ ಕಾರಣಗಳು. ಇಲ್ಲಿಯಾದರೋ ದುಡಿಯಲಾರದಿರುವಿಕೆಯೇ ಪಾತ್ರತೆ. ಇದು ದಾನವೂ ಅಲ್ಲ, ಹಕ್ಕೂ ಅಲ್ಲ. 1906ರಲ್ಲಿ ಸ್ತ್ರೀಯರೂ ಒಳಗೊಂಡಂತೆ ಸಮಸ್ತ ಪ್ರಜೆಗಳಿಗೆ ಮತದಾನವು ದೊರೆತಾಗಲೂ ದೀನಪೋಷಣೆಯನ್ನು ಪಡೆಯುತ್ತಿದ್ದವರು ಅದರಿಂದ ಹೊರಗುಳಿದರು.

1918ರ ಅಂತರ್ಯುದ್ಧವು ಸಹಸ್ರಾರು ಮಕ್ಕಳನ್ನು ಅನಾಥರನ್ನಾಗಿ ಮಾಡಿತು. ಕುಂತಗಳು ಆ ಭಾರವನ್ನು ಹಳೆಯ ರೀತಿಯಿಂದ ಹೊರಲಾರದಾದುವು. ಶಿಶುರಕ್ಷಣೆಗಾಗಿ ಮನ್ನರ್‌ಹೈಮ್ ಸಂಘವು 1920ರಲ್ಲಿ ಹುಟ್ಟಿತು. 1921ರಲ್ಲಿ ಶಿಕ್ಷಣವು ಕಡ್ಡಾಯವಾಯಿತು. 1922ರ ದೀನಪೋಷಣಶಾಸನವು ಮನುಷ್ಯರ ಹರಾಜನ್ನು ನಿಷೇಧಿಸಿತು. ಹಿಂದಿನ ಶಾಸನದ ಹೆಸರಿನಲ್ಲಿದ್ದ, ಕ್ಲೇಶವಾಚಕದಿಂದ ಹುಟ್ಟಿದ 'ವೈವೈಸ್' ಎಂಬ ಪದವು ಹೋಗಿ ಕೇವಲ 'ಬಡವ' ಎಂಬರ್ಥದ 'ಕೊಯ್ಹಾ' ಎಂಬ ಪದವು ಬಂದುದು ಆಗಲೇ. 1866ರಲ್ಲಿ, ಕ್ಷಾಮದ ಮೊದಲಲ್ಲಿ, ಹುಟ್ಟಿ ಮನೆಗೆಲಸದವಳಾಗಿ ಬಾಳಿದ ಮೀನ ಸಿಲ್ಲನ್‌ಪಾ ಎಂಬಾಕೆಯು 1926ರಲ್ಲಿ ಆ ದೇಶದ ಮೊದಲನೆಯ ಸ್ತ್ರೀಮಂತ್ರಿಯಾಗಿ ಸಮಾಜವಿಷಯಗಳ ಇಲಾಖೆಯನ್ನೇ ಸೇರಿದುದು ಇಲ್ಲಿ ಸ್ಮರಣೀಯವಾಗಿದೆ.

ಅಲ್ಲಿಂದ ಮುಂದೆ ಕಾರ್ಯವು ಶೀಘ್ರವಾಗಿ ಸಾಗಿತು. 1936ರಲ್ಲಿ ಶಿಶುರಕ್ಷಣಶಾಸನ, 1938ರಿಂದ ಬಡತಾಯಂದಿರಿಗೆ, 1949ರಿಂದ ಸಮಸ್ತ ತಾಯಂದಿರಿಗೆ, ಹೆರಿಗೆಯ ನೆರವು. 1944ರ ಶಾಸನವು ತಾಯಿಮಕ್ಕಳ ಪರೀಕ್ಷಾಲಯಗಳನ್ನು ಪ್ರತಿಯೊಂದು ಕುಂತಕ್ಕೂ ಕಡ್ಡಾಯಮಾಡಿತು. ಇವುಗಳಿಗೆ 'ನೆವ್ವೊಲ', ಎಂದರೆ ಸಲಹೆಯ ಸ್ಥಾನ, ಎಂದು ಹೆಸರಿಟ್ಟುದರಲ್ಲಿಯೇ ಮನಸ್ಸಿನ ಪರಿವರ್ತನೆಯು ಕಾಣುವುದು. 1943ರ ಶಾಸನದ ಮೇರೆಗೆ 1948ರಿಂದ ಲೋಕಶಾಲೆಯ ಮಕ್ಕಳಿಗೆಲ್ಲ ಬಿಟ್ಟಿ ಊಟವು ದೊರೆಯಿತು. ಯುದ್ಧದಿಂದ ಬಳಲಿದ ದೇಶವಾದುದರಿಂದ ಮಕ್ಕಳೂ ಕಾಯಿಪಲ್ಯವನ್ನು ಬೆಳೆದು ಕಾಡಿನ ಹಣ್ಣುಗಳನ್ನು ಕೂಡಿಸಿ ಕೈನೀಡಿದರು.

ಸೇವಕರ ಶಿಕ್ಷಣವೂ ಈ ಕಾಲದ್ದೇ. ಹೈಕ್ಕಿ ವಾರಿಸ್ ಎಂಬಾತನು 1932ರಲ್ಲಿ ಹೆಲ್ಸಿಂಕಿಯ ಉದ್ದಸೇತುವೆಯ ಉತ್ತರಕ್ಕೆ ಕೂಲಿಕಾರರ ಬಡಾವಣೆಯು ಬೆಳೆದ ಬಗೆಯನ್ನು ಕುರಿತು ಪ್ರಬಂಧವನ್ನು ಬರೆದನು. ಬಡತನವನ್ನು ಬಡವನ ದೋಷವೆಂದು ನೋಡದೆ ನಗರದ ಬೆಳವಣಿಗೆಯಲ್ಲಿ ಇಟ್ಟು ನೋಡಿದುದು ಅದರ ಗುಣ. 1942ರಲ್ಲಿ ಹೆಲ್ಸಿಂಕಿಯ ಸಮಾಜಶಾಸ್ತ್ರವಿದ್ಯಾಲಯದಲ್ಲಿ ಸಮಾಜಸೇವಕರ ವ್ಯಾಸಂಗವು ಪ್ರಾರಂಭವಾಯಿತು. ಆ ವಿದ್ಯಾಲಯವು 1960ರಲ್ಲಿ ತಾಂಪೆರೆ ನಗರಕ್ಕೆ ಹೋಗಿ 1966ರಲ್ಲಿ ವಿಶ್ವವಿದ್ಯಾನಿಲಯವಾಯಿತು.

1956ರ ಶಾಸನದಲ್ಲಿ 'ಬಡವ' ಎಂಬ ಪದವೂ ಬಿದ್ದುಹೋಯಿತು. ಆದರೂ ಪಡೆದುದನ್ನು ಹಿಂದಿರುಗಿಸಬೇಕೆಂಬ ಸಾಲದ ತತ್ತ್ವವು ಉಳಿದಿತ್ತು. 2000ದಲ್ಲಿ ಜಾರಿಗೆ ಬಂದ ರಾಜ್ಯಾಂಗಶಾಸನದ 19ನೆಯ ವಿಧಿಯು ಜೀವನಕ್ಕೆ ಅವಶ್ಯವಾದ ಪೋಷಣೆಯನ್ನು ಪ್ರತಿಯೊಬ್ಬನ ಹಕ್ಕೆಂದು ಹೇಳುತ್ತದೆ. ಕಾಣಿಕೆಯ ಪೆಟ್ಟಿಗೆಗೂ ಈ ವಿಧಿಗೂ ನಡುವೆ ಹರಾಜಿನ ಕಟ್ಟೆಯಿದ್ದುದನ್ನು ಮರೆತರೆ ಇತಿಹಾಸವು ಕೇವಲ ಪ್ರಶಸ್ತಿಯಾಗುವುದು.

2023ರ ಜನವರಿಯಿಂದ ಸಮಾಜಸೇವೆಯೂ ಆರೋಗ್ಯಸೇವೆಯೂ ಕುಂತಗಳ ಕೈಬಿಟ್ಟು 21 ಪ್ರಾಂತ್ಯಸಂಸ್ಥೆಗಳಿಗೆ ಸೇರಿದುವು. ಹೆಲ್ಸಿಂಕಿ ನಗರವೊಂದು ಮಾತ್ರ ತನ್ನದನ್ನು ತಾನೇ ಉಳಿಸಿಕೊಂಡಿತು. ಶಾಲೆಗಳು ಕುಂತಗಳಲ್ಲಿಯೇ ನಿಂತುವು. ದೇವಾಲಯದ ಕಾಲದಿಂದ ಒಂದೇ ಸೂರಿನಡಿಯಲ್ಲಿದ್ದ ಎರಡು ಕೆಲಸಗಳು ಹೀಗೆ ಬೇರೆಯಾದುವು. ಶಾಲೆಯಲ್ಲಿ ಮಕ್ಕಳ ಕಷ್ಟಸುಖಗಳನ್ನು ವಿಚಾರಿಸುವ 'ಕುರಾತ್ತೊರಿ' ಎಂಬ ಸೇವಕನು ಇಂದು ಕುಂತದ ಶಾಲೆಯಲ್ಲಿ ಕುಳಿತು ಪ್ರಾಂತ್ಯಸಂಸ್ಥೆಯಿಂದ ಸಂಬಳವನ್ನು ಪಡೆಯುತ್ತಾನೆ.