ಚಿತ್ರಕ್ಕೊಂದು ದಾರಿ, ದನಿಗೊಂದು ದಾರಿ

ಕುಂಚಾವರಂನ ಒಂದು ಮನೆಗೆ ದೀಪಾವಳಿಗೆಂದು ಹಳೆಯದೊಂದು ಹೋಂ ಥಿಯೇಟರ್ ಬಂತು. ಡಿವಿಡಿ ಹಾಕಿದರು. ಹಾಡು ಚೆನ್ನಾಗಿ ಕೇಳಿಸಿತು, ಚಿತ್ರ ಮಾತ್ರ ಕಪ್ಪು ಬಿಳುಪು. ಟಿವಿ ಕೆಟ್ಟಿತೆಂದು ಗಾಡಿಗೆ ಹೇರಿ ಕಾಡುದಾರಿಯಲ್ಲಿ ಚಿಂಚೋಳಿಗೆ ಒಯ್ದರು. ಟಿವಿಗೆ ಏನೂ ಆಗಿರಲಿಲ್ಲ. ಹಳದಿ ವಾಯರನ್ನು ಹಸಿರು ತೂತಿಗೆ ಚುಚ್ಚಿದ್ದರು, ಅಷ್ಟೇ. ಗಾಡಿ ಬಾಡಿಗೆ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು.

ಇಷ್ಟು ವಾಯರ್ ಯಾಕೆ ಬೇಕು ಎಂದು ಆ ಮನೆಯವರು ನಮ್ಮನ್ನು ಕೇಳಿದರು. ಉತ್ತರ ಹುಡುಕುತ್ತಾ ನಾವು 50 ವರ್ಷ ಹಿಂದಕ್ಕೆ ಹೋದೆವು.

1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಬೆಂಗಳೂರಿಗಿಂತ ಮೊದಲೇ ನಮ್ಮ ಜಿಲ್ಲೆಯ ಹಳ್ಳಿಗಳು ಟಿವಿ ಕಂಡವು! ಕೋಳಿ ಗೂಡಿನ ಜಾಳಿಗೆಯಂಥ ತಂತಿ ಬಲೆಯಿಂದ ಮಾಡಿದ ಸುಮಾರು 10 ಅಡಿ ಅಗಲದ ಕೊಡೆ, ಅದರಿಂದ ಟಿವಿಗೆ ಒಂದು ವಾಯರ್.

ಉಪಗ್ರಹದಿಂದ ಒಂದು ಚಿತ್ರದ ಜೊತೆ ಎರಡು ದನಿ ಬರುತ್ತಿದ್ದವು. ಆಂಧ್ರದವರು ತೆಲುಗಿನಲ್ಲಿ ಕೇಳಿದ ಕಾರ್ಯಕ್ರಮವನ್ನೇ ನಮ್ಮ ಕಡೆಯವರು ಕನ್ನಡದಲ್ಲಿ ಕೇಳುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ ಆಡುವ ಕುಂಚಾವರಂನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರ ಬೇರೆ, ದನಿ ಬೇರೆ. ಎರಡೂ ತಮ್ಮ ತಮ್ಮ ದಾರಿಯಲ್ಲಿ ಬಂದು ಟಿವಿಯಲ್ಲಿ ಕೂಡುತ್ತವೆ.

1977ರಲ್ಲಿ ಗುಲಬರ್ಗಾದಲ್ಲೇ ದೂರದರ್ಶನದ ಪ್ರಸಾರ ಕೇಂದ್ರ ಬಂತು. 1982ರಲ್ಲಿ ದೇಶದ ಟಿವಿಗೆ ಬಣ್ಣ ಬಂತು. ಆಮೇಲೆ ಬಾಡಿಗೆಗೆ ತಂದ ವಿಸಿಆರ್, ಅದರ ಹಿಂದೆ ಡಿವಿಡಿ. ಇವುಗಳ ಜೊತೆ ಮೂರು ಬಣ್ಣದ ವಾಯರ್ ಮನೆಗೆ ಬಂತು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆ ದನಿಗೆ, ಕೆಂಪು ಬಲಗಡೆ ದನಿಗೆ. ಈ ಪಿನ್ನು ಹಳೆಯ ಕಾಲದ್ದು. ಗ್ರಾಮಫೋನನ್ನು ರೇಡಿಯೋಗೆ ಜೋಡಿಸಲು ಅಮೆರಿಕದ ಆರ್‌ಸಿಎ ಕಂಪನಿ ಮಾಡಿದ್ದು. ಅದಕ್ಕೇ ಇಂದಿಗೂ ಆರ್‌ಸಿಎ ಪಿನ್ ಎನ್ನುತ್ತೇವೆ.

ಇನ್ನೂ ಸ್ವಚ್ಛ ಚಿತ್ರ ಬೇಕೆಂದು ಹಸಿರು, ನೀಲಿ, ಕೆಂಪು ತೂತುಗಳು ಬಂದವು. ಇಲ್ಲಿ ಬೆಳಕಿನ ಲೆಕ್ಕ ಹಸಿರಿನಲ್ಲಿ ಹೋಗುತ್ತದೆ, ಬಣ್ಣದ ಲೆಕ್ಕ ಉಳಿದೆರಡರಲ್ಲಿ. ಹಳದಿ ವಾಯರ್ ಹಸಿರಿಗೆ ಹೋದರೆ ಬಣ್ಣ ಕಾಣದಿರುವುದು ಇದಕ್ಕೇ. ಈ ಕೆಂಪು ಚಿತ್ರದ್ದು, ಆ ಕೆಂಪು ದನಿಯದು. ಎಡವುವುದು ಇಲ್ಲೇ.

2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐ ಬಂತು. ಒಂದೇ ವಾಯರಿನಲ್ಲಿ 19 ಪಿನ್ನು, ಚಿತ್ರವೂ ದನಿಯೂ ಜೊತೆಗೇ. 2009ರಿಂದ ಟಿವಿಯ ದನಿ ಅದೇ ವಾಯರಿನಲ್ಲಿ ಹಿಂದಕ್ಕೆ ಹೋಂ ಥಿಯೇಟರ್‌ಗೆ ಬರುವ 'ಎಆರ್‌ಸಿ' ದಾರಿಯೂ ಸೇರಿತು. ಆದರೆ ಎರಡೂ ಕಡೆ 'ಎಆರ್‌ಸಿ' ಎಂದು ಬರೆದ ತೂತಿಗೇ ಹಾಕಬೇಕು.

ಹಾಗಾಗಿ ಟಿವಿ ಹೊರುವ ಮೊದಲು ಇಷ್ಟು ನೋಡಿ. ಎಲ್ಲದರ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಡಬ್ಬಿಯಿಂದ ಟಿವಿವರೆಗೆ ವಾಯರನ್ನು ಬೆರಳಲ್ಲಿ ಹಿಡಿದು ಹೋಗಿ. ಪಿನ್ನಿಗೆ ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಗಟ್ಟಿಯಾಗಿ ಕೂರಿಸಿ. ಮತ್ತೆ ಆನ್ ಮಾಡಿ, ವಾಯರ್ ಯಾವ ತೂತಿನಲ್ಲಿದೆಯೋ ರಿಮೋಟಿನ 'ಸೋರ್ಸ್' ಗುಂಡಿಯಿಂದ ಅದನ್ನೇ ಆರಿಸಿ. ಆಗಲೂ ಆಗದಿದ್ದರೆ ಪಕ್ಕದ ಮನೆಯ ವಾಯರ್ ತಂದು ಹಾಕಿ ನೋಡಿ.

ದನಿ ಇದ್ದು ಚಿತ್ರ ಇಲ್ಲವೆಂದರೆ ಮೊದಲು ಚಿತ್ರದ ದಾರಿ ಹುಡುಕಿ. ಚಿತ್ರ ಇದ್ದು ದನಿ ಇಲ್ಲವೆಂದರೆ ದನಿಯ ದಾರಿ. ಚಿಂಚೋಳಿಯ ದಾರಿ ಕೊನೆಗಿರಲಿ.